ಇಂಜಿನ್ ಬೋಲ್ಟ್ ಕಟ್ ಆದಾಗ: ಕರಾವಳಿಯ ಹಳೆ ಕಾರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಇಂಜಿನ್ನಿನ ಬೋಲ್ಟ್ ಎರಡು ರೀತಿಯಲ್ಲಿ ಕಟ್ ಆಗುತ್ತದೆ. ಗಾಡಿ ಓಡುತ್ತಿರುವಾಗಲೇ ಸದ್ದಿಲ್ಲದೆ ತುಂಡಾಗಿ, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಕೂತಿರುವುದು ಒಂದು. ಬಿಚ್ಚಲು ಹೋದವರ ಕೈಯಲ್ಲೇ ತಲೆ ಕಳಚಿ ಬರುವುದು ಇನ್ನೊಂದು. ಈ ಎರಡನೆಯದನ್ನು ಬಹಳಷ್ಟು ಸಲ ತಪ್ಪಿಸಬಹುದು, ಹಾಗಾಗಿ ಮೊದಲು ಅದರ ಮಾತು.

ಒಳಗೆ ಕಚ್ಚಿ ಹಿಡಿದ ಬೋಲ್ಟ್ ಸರಿಯಾಗಿ ಸಡಿಲವಾಗುವಾಗ ಸ್ಪ್ಯಾನರ್‌ಗೆ ‘ಟಕ್’ ಎಂದು ಒಂದು ಪೆಟ್ಟು ಬರುತ್ತದೆ, ಆಮೇಲೆ ತಿರುಗುತ್ತದೆ. ತುಂಡಾಗಲಿರುವ ಬೋಲ್ಟ್ ಹಾಗಲ್ಲ. ಯಾವ ಸದ್ದೂ ಇಲ್ಲದೆ ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ತಿರುಗುತ್ತದೆ. ಕೈ ಬಿಟ್ಟರೆ ಸ್ಪ್ಯಾನರ್ ತುಸು ಹಿಂದಕ್ಕೆ ಬರುತ್ತದೆ. ಅಂದರೆ ಥ್ರೆಡ್ (ಬೋಲ್ಟಿನ ಸುರುಳಿ ಗೆರೆ) ಜಾಗ ಬಿಟ್ಟಿಲ್ಲ, ಮಧ್ಯದ ಕಬ್ಬಿಣವೇ ತಿರುಚುತ್ತಿದೆ. ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ಬಿಗಿಯುವ ಕಡೆಗೆ ತಿರುಗಿಸಿ, ಎಣ್ಣೆ ಹಾಕಿ ಬಿಟ್ಟುಬಿಡಿ. ಇನ್ನು ಕಾಲು ಸುತ್ತು ಎಳೆದರೆ ಐದು ನಿಮಿಷದ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ನಮ್ಮ ಕಡೆ ಇದು ಇಷ್ಟು ಸಾಮಾನ್ಯವಾಗಲು ಕಾರಣ ಸಮುದ್ರ. ಉಳ್ಳಾಲ, ಪಣಂಬೂರು, ಸುರತ್ಕಲ್, ಕಾಪು, ಮಲ್ಪೆಯ ಆಸುಪಾಸಿನಲ್ಲಿ ಹೊರಗೆ ನಿಲ್ಲುವ ಗಾಡಿಯ ಬಾನೆಟ್ ಒಳಗೂ ಉಪ್ಪುಗಾಳಿ ಹೊಕ್ಕುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಆ ಉಪ್ಪು ಒದ್ದೆಯಾಗಿಯೇ ಇರುತ್ತದೆ. ಅಲ್ಯೂಮಿನಿಯಂ ಹೆಡ್ಡಿನೊಳಗೆ (ಇಂಜಿನ್ ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಸ್ಟೀಲ್ ಬೋಲ್ಟ್, ನಡುವೆ ಉಪ್ಪುನೀರು. ಇಷ್ಟಾದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರು, ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಥ್ರೆಡ್‌ನ ಸಂದಿಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿ ಬೋಲ್ಟನ್ನು ಸುತ್ತಲಿಂದ ಒತ್ತುತ್ತದೆ. ಮಾರುತಿ 800ರ ತಯಾರಿಕೆ ನಿಂತದ್ದೇ 2014ರಲ್ಲಿ. ಅದರ ಕೊನೆಯ ಗಾಡಿಗೂ ಈಗ ಹತ್ತು ಮಳೆಗಾಲ ದಾಟಿದೆ. ಓಮ್ನಿ, ಝೆನ್, ಹಳೆ ಆಲ್ಟೊ, ಸ್ಯಾಂಟ್ರೊಗಳ ಪಾಡೂ ಇದೇ.

ಯಾವುದು ಕಟ್ ಆಗಿದೆ ಎಂದು ಹಿಡಿಯುವುದು

ಹೆಚ್ಚಾಗಿ ತುಂಡಾಗುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೆಡ್ಡಿನಿಂದ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಭಾಗ) ಸ್ಟಡ್ (ತಲೆಯಿಲ್ಲದ ಬೋಲ್ಟ್), ಅದರಲ್ಲೂ ತುದಿಯದು. ಮ್ಯಾನಿಫೋಲ್ಡ್ ಉದ್ದದ ಎರಕದ ತುಂಡು. ಬಿಸಿಯಾದಾಗ ಎರಡೂ ತುದಿಗೆ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಆ ಎಳೆದಾಟ ಕೊನೆಯ ಸ್ಟಡ್‌ಗಳ ಮೇಲೆಯೇ ಬೀಳುತ್ತದೆ. ಶಿರಾಡಿಯನ್ನೋ ಆಗುಂಬೆಯನ್ನೋ ಎರಡನೇ ಗೇರಿನಲ್ಲಿ ಹತ್ತಿ ಕಾದ ಮ್ಯಾನಿಫೋಲ್ಡಿಗೆ ರಸ್ತೆಯ ಮಳೆನೀರು ಸಿಡಿದರೆ ಇನ್ನೂ ಕಷ್ಟ.

ಇದರ ಗುರುತು ಬೆಳಗಿನ ಮೊದಲ ಸ್ಟಾರ್ಟಿನಲ್ಲಿದೆ. ‘ಚಕ್ ಚಕ್’ ಎಂಬ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಂತೆ ಬೇಗಬೇಗ ಆಗಿ, ಐದು ಹತ್ತು ನಿಮಿಷ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. ಮ್ಯಾನಿಫೋಲ್ಡ್ ಹಿಗ್ಗಿ ಸಂದಿ ಮುಚ್ಚುವುದರಿಂದ ಹೀಗೆ. ಬಹಳ ಮಂದಿ ಇದನ್ನು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದೆಂದು ತಿಳಿದು ಟ್ಯಾಪೆಟ್ ಸೆಟ್ ಮಾಡಿಸುತ್ತಾರೆ. ಟ್ಯಾಪೆಟ್ಟಿನದು ಲೋಹಕ್ಕೆ ಲೋಹ ಬಡಿದ ಒಣ ಸದ್ದು, ವಾಲ್ವ್ ಕವರಿನ ಕೆಳಗಿನಿಂದ ಬರುತ್ತದೆ, ಏರು ಹತ್ತುವಾಗ ಅಷ್ಟೇನೂ ಬದಲಾಗುವುದಿಲ್ಲ. ಎಕ್ಸಾಸ್ಟ್ ಸೋರಿಕೆಯ ಸದ್ದಿನಲ್ಲಿ ಗಾಳಿಯ ಎಳೆ ಇರುತ್ತದೆ, ಲೋಡ್ ಬಿದ್ದಾಗ ಜೋರಾಗುತ್ತದೆ.

ಖಚಿತಪಡಿಸಿಕೊಳ್ಳಲು ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಇನ್ನೊಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಅರ್ಧ ಮುಚ್ಚಲಿ. ಸೋರಿಕೆ ಇದ್ದಲ್ಲಿ ‘ಸುಂಯ್’ ಎನ್ನುವುದು ಜೋರಾಗಿ ಕೇಳುತ್ತದೆ. ಆಮೇಲೆ ಇಂಜಿನ್ ಆಫ್ ಮಾಡಿ, ಟಾರ್ಚ್ ಮತ್ತು ಪುಟ್ಟ ಕನ್ನಡಿ ಹಿಡಿದು ಹೆಡ್ ಮತ್ತು ಮ್ಯಾನಿಫೋಲ್ಡ್ ಕೂಡುವ ಗೆರೆಯನ್ನು ನೋಡಿ. ಹೊಗೆ ಹೊರಬಂದಲ್ಲಿ ಬೀಸಣಿಗೆ ಬಿಡಿಸಿದಂತೆ ಮಸಿ ಹರಡಿರುತ್ತದೆ. ನಟ್‌ಗಳನ್ನು ಬೆರಳಿನಿಂದ ಅಲುಗಿಸಿ. ಒಳಗೆ ತುಂಡಾದ ಸ್ಟಡ್ ಎಷ್ಟೋ ಸಲ ನಟ್ ಸಮೇತ ಅಲ್ಲೇ ಕೂತಿರುತ್ತದೆ, ಮುಟ್ಟಿದರೆ ಕೈಗೇ ಬರುತ್ತದೆ.

ಈ ಸೋರಿಕೆಯನ್ನು ಬರೀ ಸದ್ದಿನ ತೊಂದರೆ ಎಂದು ಬಿಡಬೇಡಿ. ಮಳೆಗಾಲದಲ್ಲಿ ಗಾಜು ಏರಿಸಿ ಓಡಿಸುವಾಗ ಬಾನೆಟ್ ಒಳಗಿನ ಹೊಗೆ ಬ್ಲೋವರ್ ದಾರಿಯಿಂದ ಕ್ಯಾಬಿನ್‌ಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಗಾಡಿಯಲ್ಲಿ ಕೂತವರಿಗೆ ತಲೆನೋವು, ಮಂಪರು ಬರುತ್ತಿದ್ದರೆ ಸ್ಟಡ್ ಸರಿಯಾಗುವ ತನಕ ಗಾಡಿ ಹೊರಗೆ ತೆಗೆಯಬೇಡಿ.

ಬೇರೆ ಬೋಲ್ಟ್‌ಗಳ ಗುರುತು ಚಿಕ್ಕದಾಗಿ ಹೇಳುವುದಾದರೆ ಹೀಗೆ. ಥರ್ಮೋಸ್ಟಾಟ್ ಹೌಸಿಂಗ್ ಅಥವಾ ವಾಟರ್ ಪಂಪಿನದಾದರೆ ಕೂಲೆಂಟ್ ಮಟ್ಟ ನಿಧಾನವಾಗಿ ಇಳಿಯುತ್ತದೆ, ಕೂಡುಗೆರೆಯಲ್ಲಿ ಒಣಗಿದ ಬಿಳಿ ಅಥವಾ ಹಸಿರು ಹಕ್ಕಳೆ ಕಾಣುತ್ತದೆ. ಇಂಜಿನ್ನನ್ನು ಬಾಡಿಗೆ ಕೂರಿಸುವ ಇಂಜಿನ್ ಮೌಂಟಿನದಾದರೆ ಕ್ಲಚ್ ಬಿಡುವಾಗ, ರಿವರ್ಸ್ ಹಾಕುವಾಗ ‘ಧಡ್’ ಎಂದು ಕೆಳಗಿನಿಂದ ಪೆಟ್ಟು. ಆಲ್ಟರ್ನೇಟರ್ ಬ್ರಾಕೆಟ್ಟಿನದಾದರೆ ಎಷ್ಟು ಬಿಗಿದರೂ ಬೆಲ್ಟ್ ಮತ್ತೆ ಸಡಿಲ, ಹೆಡ್‌ಲೈಟ್ ಹಾಕಿದೊಡನೆ ಕೀರಲು.

ಹೆಡ್ ಬೋಲ್ಟ್, ಕನೆಕ್ಟಿಂಗ್ ರಾಡ್ ಬೋಲ್ಟ್, ಕ್ರಾಂಕ್ ಪುಲ್ಲಿ ಬೋಲ್ಟ್, ಫ್ಲೈವೀಲ್ ಬೋಲ್ಟ್ ತುಂಡಾದರೆ ಈ ಕೈಪಿಡಿ ಮುಚ್ಚಿಟ್ಟು ಗಾಡಿಯನ್ನು ಟೋ ಮಾಡಿಸಿ. ಇಂಜಿನ್ ಬಿಚ್ಚದೆ ಆಗುವ ಕೆಲಸವಲ್ಲ ಅದು.

ತುಂಡಾದ ಮುಖವನ್ನು ನೋಡಿ

ಕೈಗೆ ಬಂದ ಅರ್ಧವನ್ನು ಎಸೆಯಬೇಡಿ. ಬ್ರಷ್‌ನಿಂದ ಸ್ವಚ್ಛ ಮಾಡಿ ಬಿಸಿಲಿಗೆ ಹಿಡಿದು ನೋಡಿ. ಮುಖದ ಒಂದು ಪಾಲು ನುಣುಪಾಗಿ, ಕಪ್ಪಗೆ, ತೆರೆ ಸರಿದ ಮರಳಿನ ಮೇಲಿನ ಗೆರೆಗಳಂತೆ ಬಿಲ್ಲುಬಿಲ್ಲಾಗಿದ್ದು, ಉಳಿದ ಪಾಲು ಸಕ್ಕರೆ ಹರಳಿನಂತೆ ತರಿತರಿಯಾಗಿ ಹೊಳೆಯುತ್ತಿದ್ದರೆ ಅದು ದಣಿವಿನ ಮುರಿತ. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿರುಕು ಬಿಟ್ಟು, ಕೊನೆಗೆ ಉಳಿದ ಭಾಗ ಒಮ್ಮೆಲೆ ಹೋಗಿದೆ. ಇಲ್ಲಿ ತಪ್ಪು ಬೋಲ್ಟಿನದಲ್ಲ. ಮ್ಯಾನಿಫೋಲ್ಡ್ ಬಾಗಿದೆ, ಅಥವಾ ಕೆಳಗಿನ ಪೈಪಿನ ಸಪೋರ್ಟ್ ಬ್ರಾಕೆಟ್ ಇಲ್ಲ, ಅಥವಾ ಇಂಜಿನ್ ಮೌಂಟಿನ ರಬ್ಬರ್ ಹರಿದು ಸೈಲೆನ್ಸರಿನ ಭಾರವೆಲ್ಲ ಸ್ಟಡ್ ಮೇಲೆ ಬೀಳುತ್ತಿದೆ. ಅದನ್ನು ಹುಡುಕದೆ ಹೊಸ ಸ್ಟಡ್ ಹಾಕಿದರೆ ಮುಂದಿನ ಮಳೆಗಾಲದೊಳಗೆ ಅದೂ ಹೋಗುತ್ತದೆ.

ಮುಖವಿಡೀ ಒಂದೇ ದಿಕ್ಕಿಗೆ ಸುಳಿಸುಳಿಯಾಗಿ ತಿರುಚಿದ್ದರೆ ಅತಿಯಾಗಿ ಬಿಗಿದದ್ದು, ಇಲ್ಲವೇ ಹಿಡಿದದ್ದನ್ನು ಬಲವಂತದಿಂದ ಬಿಚ್ಚಿದ್ದು. ತುಂಡಾದ ಜಾಗ ತುಕ್ಕು ತಿಂದು ಸಪೂರವಾಗಿದ್ದರೆ ಉಪ್ಪಿನ ಕೆಲಸ. ಹಾಗಿದ್ದರೆ ಆ ಸಾಲಿನ ಉಳಿದ ಸ್ಟಡ್‌ಗಳೂ ಹಾಗೆಯೇ ಇವೆ ಎಂದು ತಿಳಿದೇ ಕೈ ಹಾಕಿ.

ಎಣ್ಣೆ, ಪೆಟ್ಟು, ಬಿಸಿ

ಪೆನೆಟ್ರೇಟಿಂಗ್ ಆಯಿಲ್ ಸಿಂಪಡಿಸಿ ಹತ್ತು ನಿಮಿಷಕ್ಕೆ ಸ್ಪ್ಯಾನರ್ ಹಾಕುವುದು ಎಲ್ಲ ಕಡೆ ನಡೆಯುವ ತಪ್ಪು. ಎರಡು ದಿನ ಕೊಡಿ. ಬೆಳಗ್ಗೆ ಸಂಜೆ ಎಣ್ಣೆ ಬಿಟ್ಟು, ಪ್ರತಿ ಸಲವೂ ಬೋಲ್ಟಿನ ತುದಿಗೆ 200 ಗ್ರಾಂ ಸುತ್ತಿಗೆಯಿಂದ ಇಪ್ಪತ್ತು ಮೂವತ್ತು ಸಣ್ಣ ಪೆಟ್ಟು ಹಾಕಿ. ಜೋರು ಪೆಟ್ಟು ಬೇಡ. ಅದುರಿದಾಗ ಆಗುವ ಸೀಳಿನಲ್ಲಿ ಎಣ್ಣೆ ಇಳಿಯುವುದೇ ಇಲ್ಲಿನ ಗುಟ್ಟು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ (ಎಟಿಎಫ್) ಮತ್ತು ಅಸಿಟೋನ್ ಸಮಪಾಲು ಬೆರೆಸಿದರೆ ಒಳ್ಳೆಯ ಎಣ್ಣೆಯಾಗುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಪೇಂಟ್ ಎಬ್ಬಿಸುತ್ತದೆ. ಪ್ರತಿ ಸಲ ಬಾಟಲಿ ಅಲ್ಲಾಡಿಸಿಯೇ ಹಾಕಿ, ಇಲ್ಲದಿದ್ದರೆ ಎರಡೂ ಬೇರೆಯಾಗಿ ನಿಲ್ಲುತ್ತವೆ. ಎಣ್ಣೆಯ ಕೆಲಸ ಪೂರ್ತಿ ಮುಗಿದು, ಒರೆಸಿ, ಒಣಗಿದ ಮೇಲಷ್ಟೇ ಬೆಂಕಿಯ ಕೆಲಸ.

ಅಲ್ಯೂಮಿನಿಯಂ ಹೆಡ್ಡಿಗೆ ಬಿಸಿ ಕೊಡುವ ರೀತಿ ಬೇರೆ, ಕಾಸ್ಟ್ ಐರನ್‌ಗೆ ಬೇರೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಬೋಲ್ಟಿಗಲ್ಲ, ಬೋಲ್ಟಿನ ಸುತ್ತಲಿನ ಹೆಡ್ಡಿಗೆ ಬಿಸಿ ಕೊಡಬೇಕು, ಆಗ ರಂಧ್ರ ದೊಡ್ಡದಾಗಿ ಹಿಡಿತ ಬಿಡುತ್ತದೆ. 120ರಿಂದ 150 ಡಿಗ್ರಿ ಸಾಕು. ಹೀಟ್ ಗನ್ ಇದ್ದರೆ ಅದೇ ಒಳ್ಳೆಯದು. ತಾಪ ಅಳೆಯುವ ಉಪಕರಣ ಇಲ್ಲದಿದ್ದರೆ ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವಂತೆ ಒಂದು ಹನಿ ಹಾಕಿ. ‘ಚುಂಯ್’ ಎಂದು ಅಲ್ಲೇ ಕುದಿದು ಆರಿದರೆ ಸರಿಯಾದ ಹದ. ಹನಿ ಗುಂಡಗೆ ಗೋಲಿಯಾಗಿ ಓಡಾಡಿದರೆ ಹೆಚ್ಚಾಗಿದೆ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವ ಲೋಹವಲ್ಲ, 660 ಡಿಗ್ರಿ ಮುಟ್ಟುವ ಮೊದಲೇ ಬಣ್ಣ ಬದಲಿಸದೆ ಒಮ್ಮೆಲೆ ಕುಸಿಯುತ್ತದೆ. ಅದಕ್ಕೆ ಬಹಳ ಮೊದಲೇ ಹೆಡ್ಡಿನ ಗಟ್ಟಿತನ ಹೋಗಿರುತ್ತದೆ.

ಹಳೆ ಅಂಬಾಸಿಡರ್‌ನ ಕಾಸ್ಟ್ ಐರನ್ ಹೆಡ್ ಆದರೆ ಸ್ಟಡ್ಡನ್ನೇ ಕೆಂಪಗೆ ಕಾಯಿಸಿ ತಣಿಯಲು ಬಿಡಬಹುದು. ಸ್ಟಡ್ ಹಿಗ್ಗಿ ತುಕ್ಕನ್ನು ಪುಡಿ ಮಾಡುತ್ತದೆ, ಕುಗ್ಗುವಾಗ ಸಂದಿ ಬಿಡುತ್ತದೆ. ಕೈ ಸುಡುವಷ್ಟು ಬಿಸಿ ಉಳಿದಿರುವಾಗ ಮೇಣದಬತ್ತಿ ತಾಗಿಸಿ. ಕರಗಿದ ಮೇಣ ಥ್ರೆಡ್ ಒಳಗೆ ಇಳಿಯುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಬೆಂಕಿ ಎಂದರೆ ಫ್ಯೂಯಲ್ ಪೈಪ್ ಬಿಚ್ಚಿ ಮುಚ್ಚಿರಬೇಕು, ಬ್ಯಾಟರಿಯ ಮೈನಸ್ ತೆಗೆದಿರಬೇಕು, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಬ್ರೇಕ್ ಕ್ಲೀನರ್ ಹಾಕಿ ತೊಳೆದ ಜಾಗಕ್ಕೆ ಜ್ವಾಲೆ ಅಥವಾ ವೆಲ್ಡಿಂಗ್ ಮುಟ್ಟಿಸಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಸುಟ್ಟರೆ ಪ್ರಾಣಕ್ಕೆ ಎರವಾಗುವ ವಿಷಾನಿಲ ಬರುತ್ತದೆ.

ತುಂಡು ಹೊರಗೆ ಉಳಿದಿದ್ದರೆ

ಹತ್ತು ಮಿಲಿಮೀಟರಿಗಿಂತ ಹೆಚ್ಚು ಹೊರಗಿದ್ದು ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಲಾಕ್ ಮಾಡಿ, ಒಳಗಿನ ನಟ್‌ಗೆ ಸ್ಪ್ಯಾನರ್ ಹಾಕಿ ತಿರುಗಿಸಿ. ಥ್ರೆಡ್ ಹಾಳಾಗಿದ್ದರೆ ಸ್ಟಡ್ ರಿಮೂವರ್, ಇಲ್ಲವೇ ಒಳ್ಳೆಯ ಗ್ರಿಪ್ ಪ್ಲೈಯರ್. ಹಿಡಿಯುವ ಮೊದಲು ಅರದಿಂದ ಎರಡು ಬದಿ ಚಪ್ಪಟೆ ಮಾಡಿದರೆ ಜಾರುವುದಿಲ್ಲ. ಮೊದಲ ಚಲನೆ ಬಿಗಿಯುವ ಕಡೆಗೆ, ಕೂದಲೆಳೆಯಷ್ಟು. ಆಮೇಲೆ ಸಡಿಲದ ಕಡೆಗೆ ಎಂಟನೇ ಒಂದು ಸುತ್ತು, ಮತ್ತೆ ಹಿಂದಕ್ಕೆ, ಒಂದು ಹನಿ ಎಣ್ಣೆ. ಹೀಗೆ ಹಿಂದೆ ಮುಂದೆ ಮಾಡುತ್ತ ಹೋದರೆ ಬಿಳಿ ಪುಡಿ ಎಣ್ಣೆಯಲ್ಲಿ ಕಲಸಿ ಬೂದು ಬಣ್ಣದ ಕೆಸರಾಗಿ ಹೊರಗೆ ಬರುತ್ತದೆ. ಅದು ಕಂಡರೆ ನೀವು ಗೆದ್ದಿರಿ, ಅವಸರ ಮಾತ್ರ ಬೇಡ.

ಮೇಲ್ಮೈಗೆ ಸಮವಾಗಿದ್ದರೆ ನಟ್ ವೆಲ್ಡಿಂಗ್

ಸಮವಾಗಿ ಅಥವಾ ಎರಡು ಮೂರು ಮಿಲಿಮೀಟರ್ ಒಳಗೆ ತುಂಡಾದ ಎಂ8 (8 ಮಿಮೀ ದಪ್ಪದ) ಸ್ಟಡ್‌ಗೆ ಮಿಗ್ ವೆಲ್ಡಿಂಗಿಗಿಂತ (ತಂತಿ ತಾನಾಗಿ ಬರುವ ವೆಲ್ಡಿಂಗ್) ಒಳ್ಳೆಯ ದಾರಿ ಇಲ್ಲ. ಸ್ಟೀಲಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆ ಗುಣವೇ ಇಲ್ಲಿ ನಮ್ಮ ಕಡೆಗಿದೆ. ಮೊದಲು ಸ್ಟಡ್ಡಿನ ಮುಖದ ಮೇಲೆ ಚುಕ್ಕೆಯಿಂದ ಚುಕ್ಕೆಗೆ ವೆಲ್ಡ್ ಏರಿಸಿ ಹೆಡ್ಡಿನಿಂದ ಮೇಲಕ್ಕೆ ತನ್ನಿ. ಅದರ ಮೇಲೆ ಎಂ10 ನಟ್ ಇಟ್ಟು ಒಳಗಿನಿಂದ ತುಂಬಿ. ಎಂ8 ನಟ್‌ನ ರಂಧ್ರ ಸ್ಟಡ್ಡಿಗಿಂತ ಸಣ್ಣದು, ಅದರೊಳಗೆ ವೆಲ್ಡ್ ತಳದ ಸ್ಟಡ್ಡಿಗೆ ತಲುಪುವುದಿಲ್ಲ. ಕಪ್ಪು ನಟ್ ತೆಗೆದುಕೊಳ್ಳಿ. ಸತುವಿನ ಲೇಪ ಇರುವ ಹೊಳೆಯುವ ನಟ್ ಆದರೆ ಉಜ್ಜಿ ಲೇಪ ತೆಗೆಯಿರಿ, ಅದರ ಹೊಗೆ ಜ್ವರ ತರಿಸುತ್ತದೆ.

ವೆಲ್ಡಿಂಗ್ ಅರ್ಥ್ ಕ್ಲ್ಯಾಂಪ್ ಬಾಡಿಗಲ್ಲ, ಹೆಡ್ಡಿಗೇ, ಸ್ಟಡ್ ಹತ್ತಿರ ಹಾಕಿ. ಇಲ್ಲದಿದ್ದರೆ ಕರೆಂಟು ಬೇರಿಂಗ್‌ಗಳ ಮೂಲಕ ದಾರಿ ಹುಡುಕುತ್ತದೆ. ಎಂಪಿಎಫ್‌ಐ ಗಾಡಿಯಲ್ಲಿ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು) ಬ್ಯಾಟರಿ ತೆಗೆಯುವುದರ ಜತೆಗೆ ಇಸಿಯು (ಇಂಜಿನ್ ಕಂಪ್ಯೂಟರ್) ಮತ್ತು ಆಲ್ಟರ್ನೇಟರ್ ಸಾಕೆಟ್‌ಗಳನ್ನೂ ಕಳಚಿ.

ಕೆಂಪು ಆರಿ ಒಂದೆರಡು ನಿಮಿಷ ಕಳೆದ ಮೇಲೆ, ಇನ್ನೂ ಬಿಸಿ ಇರುವಾಗ ತಿರುಗಿಸಿ. ನಟ್ ಕಿತ್ತು ಬಂದರೆ ಬೇಸರ ಬೇಡ, ಮತ್ತೊಂದು ಹಾಕಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬರುವುದು ಮಾಮೂಲು. ಪ್ರತಿ ಸಲದ ಕಾದು ತಣಿಯುವಿಕೆಯೂ ಒಳಗಿನ ಹಿಡಿತವನ್ನು ಒಡೆಯುತ್ತಿರುತ್ತದೆ.

ಮಲ್ಪೆ ಬಂದರು, ಮಂಗಳೂರಿನ ಧಕ್ಕೆಯ (ಮೀನುಗಾರಿಕಾ ಬಂದರು) ಸುತ್ತ ಬೋಟ್ ಇಂಜಿನ್ ಕೆಲಸ ಮಾಡುವವರಿಗೆ ಉಪ್ಪು ತಿಂದ ಸ್ಟಡ್ ತೆಗೆಯುವುದು ದಿನನಿತ್ಯದ ಕೆಲಸ. ನಿಮ್ಮಲ್ಲಿ ಮಿಗ್ ಇಲ್ಲದಿದ್ದರೆ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಅಂಥವರಿಗೆ ತೋರಿಸಿ. ಡ್ರಿಲ್ ಮಾಡಿ ಕೆಡಿಸಿದ ಮೇಲೆ ತೋರಿಸಿದರೆ ಅವರಿಗೂ ವೆಲ್ಡ್ ಹಾಕಲು ಗಟ್ಟಿ ಮುಖ ಉಳಿದಿರುವುದಿಲ್ಲ.

ಡ್ರಿಲ್ ಮಾಡಲೇಬೇಕಾದರೆ

ಇಲ್ಲಿ ಎಲ್ಲವೂ ನಿಂತಿರುವುದು ಮೊದಲ ಚುಕ್ಕೆಯ ಮೇಲೆ. ಸ್ಟೀಲಿಗಿಂತ ಅಲ್ಯೂಮಿನಿಯಂ ಬಹಳ ಮೆದು. ಚುಕ್ಕೆ ಒಂದು ಮಿಲಿಮೀಟರ್ ಆಚೆ ಬಿದ್ದರೂ ಡ್ರಿಲ್ ಗಟ್ಟಿ ಸ್ಟಡ್ಡನ್ನು ಬಿಟ್ಟು ಮೆದು ಗೋಡೆಗೆ ಜಾರಿ ಓರೆಯಾಗಿ ಇಳಿಯುತ್ತದೆ. ಒಮ್ಮೆ ಇಳಿದ ಮೇಲೆ ಕೈಯಿಂದ ಸರಿಮಾಡಲು ಬರುವುದಿಲ್ಲ.

ಕಣ್ಣಂದಾಜಿಗೆ ಚುಕ್ಕೆ ಹಾಕುವ ಬದಲು ಮ್ಯಾನಿಫೋಲ್ಡನ್ನೇ ಗೈಡ್ ಮಾಡಿಕೊಳ್ಳಿ. ಎಂ8 ಸ್ಟಡ್‌ಗೆ ಮ್ಯಾನಿಫೋಲ್ಡಿನ ರಂಧ್ರ ಸಾಮಾನ್ಯವಾಗಿ 9 ಮಿಮೀ ಆಸುಪಾಸಿನಲ್ಲಿರುತ್ತದೆ. ಅಳೆದುಕೊಂಡು, ಅದರಲ್ಲಿ ಅಲ್ಲಾಡದೆ ಕೂರುವಂಥ, ನಡುವೆ 3 ಮಿಮೀ ರಂಧ್ರವಿರುವ ಸ್ಟೀಲ್ ಬುಷ್ ಒಂದನ್ನು ಲೇತಿನಲ್ಲಿ ಮಾಡಿಸಿ. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಲೇತಿನವರಿಗೆ ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಉಳಿದ ಸ್ಟಡ್‌ಗಳ ಮೇಲೆ ಮ್ಯಾನಿಫೋಲ್ಡ್ ಕೂರಿಸಿ ಬಿಗಿದು, ಬುಷ್ ಹಾಕಿ ಅದರ ಮೂಲಕ ಡ್ರಿಲ್ ಬಿಡಿ. ಚುಕ್ಕೆ ನಡುವಿಗೇ ಬೀಳುತ್ತದೆ, ಡ್ರಿಲ್ ನೆಟ್ಟಗೇ ಇಳಿಯುತ್ತದೆ. ತುಂಡಾದ ಮುಖ ಏರುತಗ್ಗಾಗಿದ್ದರೆ ಮೊದಲು ಚಪ್ಪಟೆ ಮಾಡಿಕೊಳ್ಳಿ.

ಡ್ರಿಲ್ ಬಿಟ್ ಕೋಬಾಲ್ಟ್ ಹೈಸ್ಪೀಡ್ ಸ್ಟೀಲಿನದಿರಲಿ. ಎಡಗೈ ಬಿಟ್, ಅಂದರೆ ಉಲ್ಟಾ ತಿರುಗಿ ಕೊರೆಯುವುದು ಸಿಕ್ಕಿದರೆ ಅದೇ ಕೊಳ್ಳಿ. ಕೊರೆಯುತ್ತ ಕೊರೆಯುತ್ತ ಬಿಟ್ ಕಚ್ಚಿಕೊಂಡು ಸ್ಟಡ್ ತಾನಾಗಿ ಹೊರಗೆ ಬಂದುಬಿಡುವುದುಂಟು. ವೇಗ ಕಡಿಮೆ, ಒತ್ತಡ ಗಟ್ಟಿ, ಕಟಿಂಗ್ ಆಯಿಲ್ ಧಾರಾಳ. 3 ಮಿಮೀ ಬಿಟ್‌ಗೆ ನಿಮಿಷಕ್ಕೆ 1500 ಸುತ್ತು, 5 ಮಿಮೀಗೆ 900, 6.5 ಮಿಮೀಗೆ 700 ಸಾಕು. ಉದ್ದದ ಸುರುಳಿ ಬರುತ್ತಿರಬೇಕು. ಹುಡಿ ಬಂದು ಕೀರಲು ಸದ್ದಾದರೆ ಬಿಟ್ ಮೊಂಡಾಗಿದೆ, ಉಜ್ಜಿ ಉಜ್ಜಿ ಸ್ಟಡ್ಡಿನ ಮುಖವನ್ನು ಇನ್ನಷ್ಟು ಗಡುಸು ಮಾಡುತ್ತಿದೆ. ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಪಕ್ಕದ ಸ್ಟಡ್ ಒಂದನ್ನು ತೆಗೆದು ಅಳೆದರೆ ಆಳ ಗೊತ್ತಾಗುತ್ತದೆ. ಅದನ್ನು ಮೀರಿ ಹೋದರೆ ಕೆಲವು ಹೆಡ್‌ಗಳಲ್ಲಿ ಆಚೆ ಇರುವುದು ನೀರಿನ ದಾರಿ.

ಎಕ್ಸಾಸ್ಟ್ ಪೋರ್ಟ್‌ಗಳಿಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿರಬೇಕು. ವಾಲ್ವ್ ತೆರೆದಿರುವ ಸಿಲಿಂಡರಿಗೆ ಒಂದು ಸುರುಳಿ ಬಿದ್ದರೂ ಬೋರ್ ಗೀರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಮಳೆಯಲ್ಲಿ ಒದ್ದೆ ಅಂಗಳದಲ್ಲಿ ಕರೆಂಟ್ ಡ್ರಿಲ್ ಬೇಡ, ಬ್ಯಾಟರಿ ಡ್ರಿಲ್ ಇರಲಿ.

3 ಮಿಮೀ ಆದ ಮೇಲೆ 5, ಆಮೇಲೆ ಬೇಕಾದರೆ 6.5. ನಡುವಿಗೇ ಬಿದ್ದಿದ್ದರೆ 6.5ಕ್ಕೆ ಬರುವಾಗ ಸ್ಟಡ್ಡಿನ ಥ್ರೆಡ್ ಮಾತ್ರ ಸಪೂರ ಸ್ಪ್ರಿಂಗಿನಂತೆ ಉಳಿಯುತ್ತದೆ. ಅದನ್ನು ಮೊನೆಯಿರುವ ಸೂಜಿ ಉಳಿಯಿಂದ ಒಳಕ್ಕೆ ಮಡಚಿ ಉದ್ದ ಮೂತಿಯ ಪ್ಲೈಯರಿನಿಂದ ಎಳೆದು ತೆಗೆಯಬಹುದು. ಆಮೇಲೆ ಎಂ8, 1.25 ಪಿಚ್‌ನ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ; ಪಿಚ್ ಎಂದರೆ ಥ್ರೆಡ್‌ಗಳ ನಡುವಿನ ಅಂತರ) ಹಾಕಿ ಥ್ರೆಡ್ ಸ್ವಚ್ಛ ಮಾಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.

‘ಈಸಿ ಔಟ್’ ಎಂದು ಮಾರುವ ಮೊನೆಯಾದ ಎಕ್ಸ್‌ಟ್ರಾಕ್ಟರ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಬಿಗಿದು ತುಂಡಾದ, ಆದರೆ ಥ್ರೆಡ್ ಹಿಡಿಯದ ಬೋಲ್ಟಿಗೆ ಅದು ಸರಿ. ತುಕ್ಕು ಹಿಡಿದದ್ದಕ್ಕೆ ಬೇಡ, ಎಂ6 ಬೋಲ್ಟಿಗಂತೂ ಬೇಡವೇ ಬೇಡ. ಕೊರೆದು ತೆಳುವಾದ ಸ್ಟಡ್ಡನ್ನು ಅದು ಒಳಗಿನಿಂದ ಬೆಣೆಯಂತೆ ಹಿಗ್ಗಿಸಿ ಇನ್ನೂ ಗಟ್ಟಿ ಕೂರಿಸುತ್ತದೆ. ಇಡೀ ಬೋಲ್ಟಿನ ಬಲಕ್ಕೆ ಬಾರದ್ದು ಅದಕ್ಕಿಂತ ಸಪೂರದ ಎಕ್ಸ್‌ಟ್ರಾಕ್ಟರಿನ ಬಲಕ್ಕೆ ಬರುವುದಾದರೂ ಹೇಗೆ? ಅದು ಒಳಗೇ ತುಂಡಾದರೆ ಮಾಮೂಲಿ ಡ್ರಿಲ್ ಅದನ್ನು ಮುಟ್ಟುವುದೇ ಇಲ್ಲ, ಅಷ್ಟು ಗಡಸು. ಕಾರ್ಬೈಡ್ ಬಿಟ್‌ನಿಂದ ಒಡೆಯಬೇಕು, ಇಲ್ಲವೇ ಹೆಡ್ ಇಳಿಸಿ ಸ್ಪಾರ್ಕ್ ಇರೋಷನ್ ಮೆಷಿನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಇರುವ ಟೂಲ್‌ರೂಮಿಗೆ ಒಯ್ಯಬೇಕು.

ಥ್ರೆಡ್ ಹೋದರೆ

ಡ್ರಿಲ್ ಓರೆಯಾಗಿದ್ದರೆ, ಅಥವಾ ಥ್ರೆಡ್ ಬಿಳಿ ಪುಡಿಯಾಗಿ ಉದುರಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ಸ್ಟೀಲ್ ತಂತಿಯ ಸುರುಳಿ) ಹಾಕಬೇಕು. ಸರಿಯಾಗಿ ಹಾಕಿದ ಹೆಲಿಕಾಯಿಲ್ ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ, ಅದನ್ನು ತಾತ್ಕಾಲಿಕ ರಿಪೇರಿ ಎಂದು ಯಾರೂ ತಿಳಿಯಬಾರದು. ಬೇಕಾಗುವ ಅಳತೆಗಳು:

ಎಂ6 × 1.0: ಮೂಲ ಟ್ಯಾಪ್‌ಗೆ 5.0 ಮಿಮೀ ಡ್ರಿಲ್, ಹೆಲಿಕಾಯಿಲ್‌ಗೆ 6.3 ಮಿಮೀ
ಎಂ8 × 1.25: ಮೂಲ ಟ್ಯಾಪ್‌ಗೆ 6.8 ಮಿಮೀ, ಹೆಲಿಕಾಯಿಲ್‌ಗೆ 8.3 ಮಿಮೀ
ಎಂ10 × 1.25: ಮೂಲ ಟ್ಯಾಪ್‌ಗೆ 8.8 ಮಿಮೀ, ಹೆಲಿಕಾಯಿಲ್‌ಗೆ 10.3 ಮಿಮೀ

ಕಿಟ್‌ನಲ್ಲಿ ಬರುವ ಡ್ರಿಲ್ ಇದಕ್ಕಿಂತ ಒಂದು ಕೂದಲು ಹೆಚ್ಚು ಕಡಿಮೆ ಇದ್ದರೆ ಕಿಟ್‌ನದನ್ನೇ ನಂಬಿ. ಅಲ್ಯೂಮಿನಿಯಂನಲ್ಲಿ ಹೆಲಿಕಾಯಿಲ್ ಉದ್ದ ಬೋಲ್ಟಿನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಇರಲಿ, ಎಂ8ಕ್ಕೆ 12ರಿಂದ 16 ಮಿಮೀ. ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ಕೂರಿಸಿ, ಬಾಲವನ್ನು ಮುರಿದು ಹೊರಗೆ ತೆಗೆಯಿರಿ. ಓರೆ ರಂಧ್ರಕ್ಕೆ ಹೆಲಿಕಾಯಿಲ್ ಹಾಕಿದರೆ ಸ್ಟಡ್ಡೂ ಓರೆಯೇ ನಿಲ್ಲುತ್ತದೆ. ಅಂಥದ್ದಕ್ಕೆ ಹೆಡ್ ಇಳಿಸಿ ಮಿಲ್ಲಿಂಗ್ ಮೆಷಿನ್‌ನಲ್ಲಿ ರಂಧ್ರ ನೆಟ್ಟಗೆ ಮಾಡಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಎಂ8 ಜಾಗಕ್ಕೆ ಎಂ10 ಹಾಕುವುದು ಕೆಲವು ಕಡೆ ನಡೆಯುತ್ತದೆ. ಗೋಡೆ ತೆಳುವಾಗಿ ಹೆಡ್ ಬಿರುಕು ಬಿಡುವ ಅಪಾಯ ಇರುವುದರಿಂದ ಬೇಡ.

ಹಳೆ ಅಂಬಾಸಿಡರ್‌ಗೆ ಒಂದು ಎಚ್ಚರಿಕೆ. ಅದರ ಮೂಲ ಬ್ರಿಟಿಷ್ ಇಂಜಿನ್ನಿನದು ಇಂಚಿನ ಥ್ರೆಡ್. 5/16 ಇಂಚು ಎಂದರೆ 7.94 ಮಿಮೀ, ಕೈಗೆ ಎಂ8ರಂತೆಯೇ ಕಾಣುತ್ತದೆ. ಎಂ8 ಟ್ಯಾಪ್ ಹಾಕಿದರೆ ಎರಡು ಸುತ್ತು ಹೋಗಿ ಇದ್ದ ಥ್ರೆಡ್ಡನ್ನೂ ಕತ್ತರಿಸಿಹಾಕುತ್ತದೆ. ಥ್ರೆಡ್ ಗೇಜ್ ಇಟ್ಟು ನೋಡದೆ ಟ್ಯಾಪ್ ಮುಟ್ಟಬೇಡಿ.

ನೀರಿನ ಬದಿಯ ಬೋಲ್ಟ್

ಥರ್ಮೋಸ್ಟಾಟ್ ಹೌಸಿಂಗ್, ವಾಟರ್ ಔಟ್‌ಲೆಟ್‌ನ ಎಂ6 ಮತ್ತು ಎಂ8 ಬೋಲ್ಟ್‌ಗಳು ತುಂಡಾಗಲು ಮುಖ್ಯ ಕಾರಣ ರೇಡಿಯೇಟರಿಗೆ ಬರೀ ಬಾವಿ ನೀರು ಹಾಕುವುದು. ಸಮುದ್ರದ ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಮೇ ಹೊತ್ತಿಗೆ ಉಪ್ಪು ಕಾಣಿಸಿಕೊಳ್ಳುತ್ತದೆ. ಕುಡಿಯುವಾಗ ನಾಲಿಗೆಗೆ ಗೊತ್ತಾಗದಷ್ಟು ಉಪ್ಪೂ ಅಲ್ಯೂಮಿನಿಯಂಗೆ ಗೊತ್ತಾಗುತ್ತದೆ.

ಗಾಡಿಯಿಂದ ಬಿಚ್ಚಿ ತಂದ ಪುಟ್ಟ ಅಲ್ಯೂಮಿನಿಯಂ ಭಾಗದೊಳಗೆ ಸ್ಟೀಲ್ ಬೋಲ್ಟ್ ಉಳಿದಿದ್ದರೆ ಗಡಿಯಾರ ರಿಪೇರಿಯವರ ಹಳೆಯ ಉಪಾಯವೊಂದಿದೆ. ದಿನಸಿ ಅಂಗಡಿಯಲ್ಲಿ ಸಿಗುವ ಪಟಿಕವನ್ನು ಕುಟ್ಟಿ, ಬಿಸಿ ನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ, ಗಾಜಿನ ಪಾತ್ರೆಯಲ್ಲಿ ಭಾಗವನ್ನು ಮುಳುಗಿಸಿಡಿ. ಕುದಿಯಲು ಬಿಡದೆ ಬಿಸಿಯಾಗಿಯೇ ಇಡಬೇಕು. ಬೋಲ್ಟಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಸ್ಟೀಲ್ ಕಪ್ಪು ಕೆಸರಾಗಿ ಕರಗುತ್ತ ಹೋಗುತ್ತದೆ, ಅಲ್ಯೂಮಿನಿಯಂಗೆ ಹೆಚ್ಚೇನೂ ಆಗುವುದಿಲ್ಲ. ಎಂ6 ತುಂಡಿಗೂ ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬೇಕು. ನಡುವೆ 3 ಮಿಮೀ ರಂಧ್ರ ಕೊರೆದಿಟ್ಟರೆ ಬೇಗ. ಸ್ಟೀಲ್ ಪಿನ್ ಅಥವಾ ಬುಷ್ ಇರುವ ಭಾಗವನ್ನು ಹಾಕಬೇಡಿ, ಅವೂ ಕರಗುತ್ತವೆ. ಹೆಡ್ಡಿನ ಮೇಲೆಯೇ ಇರುವ ಬೋಲ್ಟಿಗೆ ಇದು ಆಗದು.

ಹೊಸ ಬೋಲ್ಟಿನ ಥ್ರೆಡ್ ನೀರಿನ ದಾರಿಗೆ ತೆರೆದಿದ್ದರೆ ಥ್ರೆಡ್ ಸೀಲಂಟ್ ಹಚ್ಚಿಯೇ ಹಾಕಿ. ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಪಾಲು.

ಹೊಸ ಸ್ಟಡ್ ಹಾಕುವಾಗ

ಒಂದು ತುಂಡಾದರೆ ಆ ಸಾಲಿನ ಎಲ್ಲವನ್ನೂ, ಗ್ಯಾಸ್ಕೆಟ್ಟನ್ನೂ ಬದಲಿಸಿ. ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ಹಾಕಿ. 0.1 ಮಿಮೀ ಎಲೆ ಎಲ್ಲಾದರೂ ನುಸುಳಿದರೆ ಮುಖ ಕೆತ್ತಿಸಬೇಕು. ಬಾಗಿದ ಮ್ಯಾನಿಫೋಲ್ಡನ್ನು ನಟ್ ಬಿಗಿದು ನೇರ ಮಾಡಲು ಹೋದವರ ಸ್ಟಡ್ಡೇ ಮತ್ತೆ ಮತ್ತೆ ತುಂಡಾಗುವುದು. ಪೈಪಿನ ಸಪೋರ್ಟ್ ಬ್ರಾಕೆಟ್ ಕೆಲವೊಮ್ಮೆ ಹಿಂದಿನ ಕೆಲಸದವರು ಬಿಚ್ಚಿ ಮರಳಿ ಹಾಕದೆ ಬಿಟ್ಟಿರುತ್ತಾರೆ. ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ.

ಸ್ಟಡ್ಡಿಗೆ 8.8 ಗ್ರೇಡ್ (ಬೋಲ್ಟಿನ ಬಲದ ಗುರುತು) ಸಾಕು. ‘ತುಕ್ಕೇ ಹಿಡಿಯದು’ ಎಂದು ಬೋಟಿಗೆ ಹಾಕುವ ಸ್ಟೇನ್‌ಲೆಸ್ ಬೋಲ್ಟ್ ಹಾಕುವ ಅಭ್ಯಾಸ ನಮ್ಮ ಕಡೆ ಇದೆ. ಬೋಲ್ಟಿಗೆ ತುಕ್ಕು ಹಿಡಿಯದಿರುವುದು ನಿಜ, ಆದರೆ ಸ್ಟೇನ್‌ಲೆಸ್ ಪಕ್ಕದಲ್ಲಿ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆ, ನಷ್ಟವಾಗುವುದು ಹೆಡ್ಡಿಗೆ. ನಟ್ ಮಾತ್ರ ತಾಮ್ರದ ಲೇಪದ್ದು ಅಥವಾ ಹಿತ್ತಾಳೆಯದ್ದು ಹಾಕಿ. ಮುಂದೆ ಬಿಚ್ಚುವಾಗ ಸ್ಟಡ್ ಬಿಟ್ಟು ನಟ್ ಬರುತ್ತದೆ.

ರಂಧ್ರದಲ್ಲಿ ಎಣ್ಣೆ ನಿಂತಿರಬಾರದು. ತಳ ಮುಚ್ಚಿದ ರಂಧ್ರದಲ್ಲಿ ನಿಂತ ಎಣ್ಣೆಯ ಮೇಲೆ ಸ್ಟಡ್ ಬಿಗಿದರೆ ಒಳಗಿನ ಒತ್ತಡಕ್ಕೆ ಹೆಡ್ ಸೀಳುತ್ತದೆ. ಗಾಳಿ ಹೊಡೆದು ಒಣಗಿಸಿ, ಥ್ರೆಡ್‌ಗೆ ಹೆಚ್ಚು ಶಾಖ ತಡೆಯುವ ಆಂಟಿ ಸೀಜ್ ಪೇಸ್ಟ್ (ಥ್ರೆಡ್ ಮತ್ತೆ ಕಚ್ಚಿ ಹಿಡಿಯದಂತೆ ತಡೆಯುವುದು) ತೆಳುವಾಗಿ ಹಚ್ಚಿ. ಸ್ಟಡ್ಡನ್ನು ಕೈಯಿಂದ ತಳ ಮುಟ್ಟಿಸಿ ಬಿಟ್ಟರೆ ಸಾಕು.

ನಟ್‌ಗಳನ್ನು ನಡುವಿನಿಂದ ಎರಡೂ ತುದಿಗೆ ಹೋಗುತ್ತ ಮೂರು ಸುತ್ತಿನಲ್ಲಿ ಬಿಗಿಯಿರಿ. ಒಣ ಎಂ8ಕ್ಕೆ ಕೊನೆಯ ಬಿಗಿ ಸುಮಾರು 23 ನ್ಯೂಟನ್ ಮೀಟರ್, ಹಳೆ ಲೆಕ್ಕದಲ್ಲಿ 2.3 ಕೆಜಿ ಮೀಟರ್. ಆಂಟಿ ಸೀಜ್ ಹಚ್ಚಿದ್ದರೆ ಐದರಲ್ಲೊಂದು ಪಾಲು ಕಡಿಮೆ, ಅಂದರೆ 18. ಎಂ6ಕ್ಕೆ 8ರಿಂದ 10. ಆ ಗಾಡಿಯ ವರ್ಕ್‌ಶಾಪ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಇಂಜಿನ್ ಪೂರ್ತಿ ಬಿಸಿ ಮಾಡಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ. ಹೊಸ ಗ್ಯಾಸ್ಕೆಟ್ ಕೂತಿರುವುದರಿಂದ ಒಂದೆರಡು ನಟ್ ಖಂಡಿತ ತಿರುಗುತ್ತವೆ. 500 ಕಿಲೋಮೀಟರ್ ಓಡಿದ ಮೇಲೆ, ಅದೂ ತಣ್ಣಗಿರುವಾಗಲೇ, ಇನ್ನೊಮ್ಮೆ.